ಒಂದೇ ಚೆಲ್ಲೋ, ಇಡೀ ಸಂಜೆ: ಬರೋಕ್ ಏಕವಾದ್ಯ ಕಛೇರಿ ಕೇಳುವುದಕ್ಕೆ ಹಂತ ಹಂತದ ಮಾರ್ಗದರ್ಶಿ

ಕರ್ನಾಟಕ ಸಂಗೀತವನ್ನೋ ಹಿಂದೂಸ್ತಾನಿಯನ್ನೋ ಕೇಳುತ್ತಾ ಬೆಳೆದವರು ಮೊದಲ ಸಲ ಬರೋಕ್ ಕಾಲದ ಜರ್ಮನ್ ರಚನಕಾರ ಬಾಖ್‌ನ ಚೆಲ್ಲೋ (ಕಮಾನಿನಿಂದ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಸೂಟ್, ಅಂದರೆ ನೃತ್ಯಗಳ ಮಾಲೆ, ಕೇಳಲು ಕೂತಾಗ ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ತಂಬೂರಿ ಇಲ್ಲ. ಮೃದಂಗ ಇಲ್ಲ. ಪಕ್ಕದಲ್ಲಿ ಪಿಯಾನೋ ಕೂಡ ಇಲ್ಲ. ಒಬ್ಬರು, ಒಂದು ವಾದ್ಯ, ಒಂದೂವರೆ ಗಂಟೆ. ರಾಗ ಎಲ್ಲಿದೆ ಎಂದು ಕಿವಿ ಹುಡುಕುತ್ತದೆ. ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿಹೋಗುತ್ತದೆ. ಹತ್ತು ನಿಮಿಷ ಕಳೆದ ಮೇಲೆ "ಚೆನ್ನಾಗೇ ಇದೆ, ಆದರೆ ಎಲ್ಲಾ ಒಂದೇ ಥರ ಕೇಳ್ತಿದೆ" ಅನ್ನಿಸುತ್ತದೆ.

ಇದಕ್ಕೆ ಕಾರಣ ಇದೆ. ನಮ್ಮ ಕಿವಿ ಮೇಲೆ ಹರಿಯುವ ಸ್ವರದ ಎಳೆಯನ್ನು ಹಿಡಿಯಲು ಪಳಗಿದೆ. ಕೆಳಗೆ ಆಧಾರ ಷಡ್ಜ ಕದಲುವುದಿಲ್ಲ ಎಂದು ಅದು ನಂಬಿಕೊಂಡಿರುತ್ತದೆ. ಬರೋಕ್ ಸಂಗೀತದಲ್ಲಿ ಆ ಆಧಾರವೇ ನಡೆಯುತ್ತದೆ. ಅದು ಎಲ್ಲಿಗೆ ಹೊರಟಿತು, ಎಷ್ಟು ದೂರ ಹೋಯಿತು, ಯಾವಾಗ ಹಿಂದಿರುಗಿತು ಅನ್ನುವುದೇ ಇಲ್ಲಿಯ ಕಥೆ. ಆದ್ದರಿಂದ ಕೆಳಗಿನ ಹಂತಗಳೆಲ್ಲ ಮುಖ್ಯವಾಗಿ ಒಂದೇ ಅಭ್ಯಾಸಕ್ಕೆ ದಾರಿ ಮಾಡುತ್ತವೆ: ಮಂದ್ರದ ಸ್ವರವನ್ನು ಬಿಡದೆ ಹಿಂಬಾಲಿಸುವುದು. ಅದೊಂದು ಬಂದರೆ ಒಂಟಿ ಚೆಲ್ಲೋದೊಳಗೆ ಎರಡು ಮೂರು ದನಿಗಳು ತಾವಾಗಿಯೇ ಬೇರೆ ಬೇರೆಯಾಗಿ ಕೇಳಿಸತೊಡಗುತ್ತವೆ.

ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಇರುವ ಕನ್ನಡಿಗರಿಗೆ ಇಂಥ ಕಛೇರಿ ಹುಡುಕಿಕೊಂಡು ಜಾಸ್ತಿ ಅಲೆಯಬೇಕಾಗಿಲ್ಲ. ಊರಿನ ಚರ್ಚ್‌ನಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ಕಡಿಮೆ. ಹಾಗಾಗಿಯೇ ಸಿಕ್ಕ ಒಂದು ಸಂಜೆ ವ್ಯರ್ಥ ಆಗಬಾರದು.

ಹಂತ 1: ಕಾರ್ಯಕ್ರಮ ಪಟ್ಟಿ ಓದಿ

ಬರೋಕ್ ಅಂದರೆ ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತ. ಆ ಕಾಲದಲ್ಲಿ ಚೆಲ್ಲೋಗೆ ಹೆಚ್ಚಾಗಿ ಹಿಂದೆ ನಿಂತು ಆಧಾರ ಕೊಡುವ ಕೆಲಸವೇ ಇತ್ತು. ಬೇರೆ ಯಾರ ನೆರವೂ ಇಲ್ಲದೆ ಅದೊಂದೇ ನುಡಿಯಲಿ ಎಂದು ಬರೆದ ಕೃತಿಗಳು ಕೆಲವೇ. ಅದಕ್ಕೇ ಪಟ್ಟಿಯಲ್ಲಿ ಪದೇ ಪದೇ ಅದೇ ಹೆಸರುಗಳು ಕಾಣುತ್ತವೆ.

ಮೊದಲನೆಯದು ಇಟಲಿಯ ಬೊಲೊನ್ಯ ಊರಿನದು. ಅಲ್ಲಿನ ಸಾನ್ ಪೆಟ್ರೋನಿಯೋ ಚರ್ಚ್‌ನ ವಾದ್ಯಮೇಳದಲ್ಲಿ ಡೊಮೆನಿಕೋ ಗಾಬ್ರಿಯೆಲ್ಲಿ ಚೆಲ್ಲೋ ನುಡಿಸುತ್ತಿದ್ದ. 1689ರಲ್ಲಿ ಆತ ಬರೆದ ಏಳು ರಿಚೆರ್ಕಾರ್‌ಗಳು ಒಂಟಿ ಚೆಲ್ಲೋಗಾಗಿ ಹುಟ್ಟಿದ ಅತಿ ಹಳೆಯ ಕೃತಿಗಳ ಸಾಲಿಗೆ ಸೇರುತ್ತವೆ. ರಿಚೆರ್ಕಾರ್ ಅಂದರೆ ಒಂದು ಸಣ್ಣ ಎಳೆಯನ್ನು ಹಿಡಿದು ಹುಡುಕುತ್ತಾ ಹೋಗುವ ರಚನೆ. ಎರಡನೆಯದು ಬಾಖ್. ಮೂರನೆಯದು ಜೋಸೆಫ್ ದಾಲಾಬಾಕೋ. 1710ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ 1805ರವರೆಗೆ ಬದುಕಿದ ಈತನ ಹನ್ನೊಂದು ಕಪ್ರಿಚೋಗಳು (ಕಟ್ಟುಪಾಡಿಲ್ಲದ ಸಣ್ಣ ರಚನೆಗಳು) ಇತ್ತೀಚೆಗೆ ಕಛೇರಿಗಳಲ್ಲಿ ಚೆನ್ನಾಗಿ ಓಡಾಡುತ್ತಿವೆ. ಪಟ್ಟಿಯಲ್ಲಿ ವಿವಾಲ್ಡಿಯ ಸೊನಾಟಾ ಕಂಡರೆ ಅದು ನಿಜವಾದ ಒಂಟಿ ಕಛೇರಿ ಆಗಿರಲಾರದು. ಅದಕ್ಕೆ ಹಾರ್ಪ್ಸಿಕಾರ್ಡ್ (ಪಿಯಾನೋಗೂ ಹಳೆಯ ಕೀಲಿಮಣೆ ವಾದ್ಯ) ಅಥವಾ ಇನ್ನೊಂದು ಆಧಾರ ವಾದ್ಯ ಬೇಕು.

ಸಂಜೆಯ ಮುಖ್ಯ ಭಾಗ ಮಾತ್ರ ಬಹುತೇಕ ಬಾಖ್‌ನ ಆರು ಸೂಟ್‌ಗಳಲ್ಲೇ ಇರುತ್ತದೆ. 1717ರಿಂದ 1723ರವರೆಗೆ ಆತ ಜರ್ಮನಿಯ ಕ್ಯೋಟೆನ್‌ನಲ್ಲಿ ರಾಜಕುಮಾರ ಲಿಯೋಪೋಲ್ಡ್‌ನ ಆಸ್ಥಾನದಲ್ಲಿದ್ದ. ಸುಮಾರು ಅದೇ ಸಮಯದಲ್ಲಿ ಇವು ಹುಟ್ಟಿದವು ಎಂದು ವಿದ್ವಾಂಸರು ಹೇಳುತ್ತಾರೆ. ಬಾಖ್ ಕೈಯಾರೆ ಬರೆದ ಪ್ರತಿ ಉಳಿದಿಲ್ಲ. ಹೆಂಡತಿ ಆನ್ನಾ ಮಗ್ಡಲೇನಾ ನಕಲು ಮಾಡಿಟ್ಟ ಪ್ರತಿಯೇ ಇವತ್ತಿಗೂ ದೊಡ್ಡ ಆಸರೆ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಿಯಲ್ಲಿ ಬಿಡಬ್ಲ್ಯೂವಿ (ಬಾಖ್ ಕೃತಿಗಳ ಕ್ರಮಸಂಖ್ಯೆ) 1007 ಎಂದಿದ್ದರೆ ಮೊದಲ ಸೂಟ್, 1012 ಎಂದಿದ್ದರೆ ಆರನೆಯದು. ಶ್ರುತಿಗಳು (ಜಿ, ಡಿ, ಸಿ ಇವೆಲ್ಲ ಪಾಶ್ಚಾತ್ಯ ಸ್ವರಗಳ ಹೆಸರು) ಕ್ರಮವಾಗಿ ಜಿ ಮೇಜರ್, ಡಿ ಮೈನರ್, ಸಿ ಮೇಜರ್, ಇ ಫ್ಲ್ಯಾಟ್ ಮೇಜರ್, ಸಿ ಮೈನರ್, ಡಿ ಮೇಜರ್.

ಹಂತ 2: ಮೊದಲ ಕಛೇರಿಯನ್ನು ಯೋಚಿಸಿ ಆರಿಸಿ

ಆರೂ ಸೂಟ್‌ಗಳನ್ನು ಒಂದೇ ಸಂಜೆ ನುಡಿಸುವವರಿದ್ದಾರೆ. ಬರೀ ಸಂಗೀತವೇ ಎರಡು ಗಂಟೆ ಮೀರುತ್ತದೆ, ವಿರಾಮ ಬೇರೆ. ಮೊದಲ ಸಲಕ್ಕೆ ಅದು ಬೇಡ. ಕಿವಿ ಸೋತುಹೋದರೆ ಐದನೇ ಸೂಟ್‌ನಂಥ ಆಳವಾದ ಕೃತಿ ಸುಮ್ನೆ ಹಾದುಹೋಗುತ್ತದೆ.

ಎರಡು ಅಥವಾ ಮೂರು ಸೂಟ್ ಇರುವ ಕಾರ್ಯಕ್ರಮ ಹುಡುಕಿ. ಒಂದು ಮತ್ತು ಮೂರು ಜೊತೆಗಿದ್ದರೆ ಬಹಳ ಒಳ್ಳೆಯದು. ಮೊದಲನೆಯದು ಸುಮಾರು 18 ನಿಮಿಷ, ಮೂರನೆಯದು 22ರ ಆಸುಪಾಸು. ಎರಡೂ ಮೇಜರ್ ಶ್ರುತಿಯವು. ಸ್ವರಸ್ಥಾನಗಳು ಶಂಕರಾಭರಣದವೇ ಆದ್ದರಿಂದ ಕಿವಿಗೆ ಅಪರಿಚಿತ ಅನ್ನಿಸುವುದಿಲ್ಲ. ಎರಡರಲ್ಲೂ ಖಾಲಿ ತಂತಿಗಳು (ಬೆರಳು ಒತ್ತದೆ ನುಡಿಸುವವು) ಧಾರಾಳವಾಗಿ ಮೊಳಗುತ್ತವೆ. ಮೂರನೆಯದಂತೂ ತಾರದ ಸಿಯಿಂದ ಎರಡು ಸ್ಥಾಯಿ ಇಳಿದು ವಾದ್ಯದ ಅತಿ ಕೆಳಗಿನ ಸಿಗೆ ಬಂದು ನಿಲ್ಲುವ ಅವರೋಹಣದಿಂದಲೇ ಶುರು. ಮನೆ ಎಲ್ಲಿದೆ ಎಂದು ಮೊದಲ ಸಾಲಿನಲ್ಲೇ ತೋರಿಸಿಬಿಡುತ್ತದೆ.

ನಾಲ್ಕನೆಯದನ್ನು ಮೊದಲಿಗೆ ಆರಿಸಬೇಡಿ. ಇ ಫ್ಲ್ಯಾಟ್‌ನಲ್ಲಿ ಖಾಲಿ ತಂತಿಗಳ ನೆರವು ಕಡಿಮೆ. ನುಡಿಸುವವರಿಗೂ ಕಷ್ಟ, ಕೇಳುವವರಿಗೂ ಅದರ ಚೆಲುವು ತಡವಾಗಿ ತೆರೆದುಕೊಳ್ಳುತ್ತದೆ.

ಬೆಂಗಳೂರಿನಲ್ಲಿರುವವರು ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇವುಗಳ ಕಾರ್ಯಕ್ರಮಗಳ ಮೇಲೆ ಒಂದು ಕಣ್ಣಿಟ್ಟಿರಿ. ಯುರೋಪಿನಲ್ಲಿರುವವರು ಚರ್ಚ್‌ಗಳ ಬಾಗಿಲಲ್ಲಿ ಅಂಟಿಸಿದ ಚೀಟಿಗಳನ್ನು ನೋಡುತ್ತಿರಿ. ಕೆಲವು ಕಡೆ ಟಿಕೆಟ್ಟೇ ಇರುವುದಿಲ್ಲ. ಹೊರಡುವಾಗ ಬಾಗಿಲ ಬಳಿಯ ಪೆಟ್ಟಿಗೆಗೆ ಕಾಣಿಕೆ ಹಾಕಬೇಕು. ಅದಕ್ಕೆ ಕೈಯಲ್ಲಿ ನಗದು ಇರಲಿ.

ಹಂತ 3: ತಂಬೂರಿ ಆ್ಯಪ್ ಹಾಕಿಕೊಂಡು ಒಂದು ಮನೆಪಾಠ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತಕ್ಕೆ ನಿಮಗೆ ಪುರುಸೊತ್ತು ಇದೆ ಅಂದರೆ, ಇದನ್ನು ಮಾಡಿ.

ಮೊದಲ ಸೂಟ್‌ನ ಪ್ರೆಲ್ಯೂಡ್, ಅಂದರೆ ಆರಂಭದ ಭಾಗ, ತೆಗೆದುಕೊಳ್ಳಿ. ಎರಡೂವರೆ ನಿಮಿಷದ್ದು. ಜಾಹೀರಾತು, ಸಿನಿಮಾಗಳಲ್ಲಿ ನೀವು ಅದನ್ನು ಆಗಲೇ ಕೇಳಿರುತ್ತೀರಿ. ಫೋನಿನಲ್ಲಿ ತಂಬೂರಿ ಆ್ಯಪ್ ತೆರೆದು ಜಿ ಶ್ರುತಿಗೆ ಇಡಿ. ನಮ್ಮ ಲೆಕ್ಕದಲ್ಲಿ ಐದು ಕಟ್ಟೆ. ಧ್ವನಿಮುದ್ರಿಕೆ ಹಳೆಯ ಬರೋಕ್ ಶ್ರುತಿಯದಾದರೆ ನಾಲ್ಕೂವರೆಗೆ ಇಳಿಸಬೇಕು. ಎರಡನ್ನೂ ಒಟ್ಟಿಗೆ ಕೇಳಿ.

ಮೊದಲ ನಾಲ್ಕು ಬಾರ್‌ಗಳಲ್ಲಿ (ಬಾರ್ ಅಂದರೆ ನಮ್ಮ ಆವರ್ತದಂಥ ಒಂದು ಅಳತೆ) ಎಲ್ಲವೂ ಸುಖವಾಗಿರುತ್ತದೆ. ಪ್ರತಿ ಬಾರ್ ಮಂದ್ರದ ಜಿಯಿಂದಲೇ ಏಳುತ್ತದೆ. ಮೇಲಿನ ಸ್ವರಗಳು ಬದಲಾಗುತ್ತವೆ, ಕೆಳಗಿನದು ಅಲ್ಲೇ ಇರುತ್ತದೆ. ತಂಬೂರಿ ಜೊತೆ ಚೆನ್ನಾಗಿ ಕೂರುತ್ತದೆ. ಸುಮಾರು ಇಪ್ಪತ್ತು ಸೆಕೆಂಡ್ ಆಗುವ ಹೊತ್ತಿಗೆ ಏನೋ ಉಜ್ಜಿದಂತೆ ಆಗುತ್ತದೆ. ಅಲ್ಲಿ ಪ್ರತಿ ಮಧ್ಯಮ ಕಾಲಿಟ್ಟಿದೆ, ಕೆಳಗಿನ ಸ್ವರ ಜಿಯನ್ನು ಬಿಟ್ಟು ಹೊರಟಿದೆ. ಇನ್ನು ಸ್ವಲ್ಪ ಹೊತ್ತಿಗೆ ಸಂಗೀತ ಡಿಯನ್ನೇ ತನ್ನ ಮನೆ ಮಾಡಿಕೊಂಡಿರುತ್ತದೆ. ನಿಮ್ಮ ತಂಬೂರಿ ಮಾತ್ರ ಇನ್ನೂ ಹಳೆಯ ಮನೆಯಲ್ಲೇ ಕೂತಿರುತ್ತದೆ.

ನಮ್ಮಲ್ಲಿ ಗ್ರಹಭೇದ ಮಾಡುವ ವಿದ್ವಾಂಸರು ಷಡ್ಜವನ್ನು ಒಂದೆರಡು ಕ್ಷಣ ಬೇರೆ ಸ್ವರಕ್ಕೆ ಸರಿಸಿ, ಸಭೆ ತಲೆದೂಗಿದ ಮೇಲೆ ವಾಪಸ್ ಬರುತ್ತಾರೆ. ಅದೊಂದು ವಿಶೇಷ ಚಮತ್ಕಾರ. ಬರೋಕ್ ರಚನೆಯಲ್ಲಿ ಇಂಥ ಸರಿದಾಟ ದಿನನಿತ್ಯದ ಮಾತು. ಪ್ರತಿಯೊಂದು ಭಾಗವೂ ಅದರ ಮೇಲೆಯೇ ನಿಂತಿದೆ.

ಈಗ ತಂಬೂರಿ ನಿಲ್ಲಿಸಿ. ಪ್ರೆಲ್ಯೂಡನ್ನು ಮತ್ತೆ ಹಾಕಿ. ಈ ಸಲ ಪ್ರತಿ ಬಾರ್‌ನ ಮೊದಲ, ಅಂದರೆ ಅತಿ ಕೆಳಗಿನ ಸ್ವರವನ್ನು ಮಾತ್ರ ಬಾಯಲ್ಲಿ ಗುನುಗಿ. ಮಿಕ್ಕಿದ್ದೆಲ್ಲ ಹರಿದುಹೋಗಲಿ. ಒಟ್ಟು 42 ಬಾರ್. ಮೊದಮೊದಲು ತಪ್ಪುತ್ತದೆ, ಪರವಾಗಿಲ್ಲ. ನಡುವೆ ಒಂದು ಕಡೆ ಸಂಗೀತ ಉಸಿರು ಹಿಡಿದಂತೆ ಒಂದು ಸ್ವರದ ಮೇಲೆ ನಿಲ್ಲುತ್ತದೆ. ಅದು ಅರ್ಧದಾರಿಯ ಗುರುತು. ಕೊನೆಯ ಭಾಗದಲ್ಲಿ ಡಿ ತಂತಿ ಪಂಚಮವಾಗಿ ಬಿಡದೆ ಮೊಳಗುತ್ತದೆ, ಅದರ ಪಕ್ಕದಲ್ಲೇ ಇನ್ನೊಂದು ಎಳೆ ಅರ್ಧರ್ಧ ಸ್ವರವಾಗಿ ಮೇಲಕ್ಕೆ ಹತ್ತುತ್ತದೆ. ಒತ್ತಡ ಏರುತ್ತಾ ಏರುತ್ತಾ ಹೋಗಿ ಕೊನೆಗೆ ಜಿ ಮೇಜರ್ ಕಾರ್ಡ್‌ನಲ್ಲಿ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಬಿಡುಗಡೆ. ಕೆಳಗಿನ ಸ್ವರವನ್ನು ಹಿಡಿದು ಬಂದವರಿಗೆ ಆ ಕೊನೆಯ ಕಾರ್ಡ್ ಮನೆಗೆ ಮರಳಿದ ಹಾಗೆಯೇ ಕೇಳಿಸುತ್ತದೆ. ಸುಮ್ನೆ ಕೇಳಿದವರಿಗೆ ಅದು ಬರೀ ಒಂದು ಮುಕ್ತಾಯ.

ದಿನಕ್ಕೊಂದು ಸಲದಂತೆ ಒಂದು ವಾರ ಮಾಡಿ. ಆರೂ ಸೂಟ್‌ಗಳನ್ನು ಮೇಲೆ ಮೇಲೆ ಕೇಳುವುದಕ್ಕಿಂತ ಈ ಒಂದು ಪ್ರೆಲ್ಯೂಡನ್ನು ಹೀಗೆ ಕೇಳುವುದು ಎಷ್ಟೋ ಹೆಚ್ಚು ಉಪಯೋಗ ಎಂದು ನನಗೆ ಖಾತ್ರಿಯಿದೆ.

ಹಂತ 4: ಆರು ಭಾಗಗಳ ನಡೆ ಪರಿಚಯ ಮಾಡಿಕೊಳ್ಳಿ

ಪ್ರತಿ ಸೂಟ್‌ನಲ್ಲೂ ಆರು ಭಾಗ. ಕ್ರಮ ಬದಲಾಗುವುದಿಲ್ಲ: ಪ್ರೆಲ್ಯೂಡ್, ಆಲ್‌ಮಾಂಡ್, ಕುರಾಂಟ್, ಸಾರಾಬಾಂಡ್, ಆಮೇಲೆ ಒಂದು ಜೋಡಿ ಹಗುರ ನೃತ್ಯ, ಕೊನೆಗೆ ಜೀಗ್. ಆ ಜೋಡಿ ಮಾತ್ರ ಬೇರೆ ಬೇರೆ. ಒಂದು, ಎರಡರಲ್ಲಿ ಮಿನುಯೆಟ್. ಮೂರು, ನಾಲ್ಕರಲ್ಲಿ ಬುರೇ. ಐದು, ಆರರಲ್ಲಿ ಗವೋಟ್.

ಪ್ರೆಲ್ಯೂಡ್ ಬಿಟ್ಟರೆ ಎಲ್ಲವೂ ನೃತ್ಯದ ಹೆಸರುಗಳೇ. ಯಾರೂ ಕುಣಿಯುವುದಿಲ್ಲ, ಆದರೆ ಹೆಜ್ಜೆಯ ತೂಕ ಒಳಗೆ ಉಳಿದಿದೆ. ಆಲ್‌ಮಾಂಡ್ ನಾಲ್ಕು ಎಣಿಕೆಯದು, ನಿಧಾನವಾಗಿ ಮಾತಾಡುತ್ತದೆ. ಕುರಾಂಟ್ ಮೂರು ಎಣಿಕೆಯದು, ಓಡುತ್ತದೆ. ಜೀಗ್‌ನಲ್ಲಿ ಜಿಗಿತ ಇರುತ್ತದೆ. ಮೊದಲ ಸೂಟ್‌ನ ಜೀಗ್ ನಮ್ಮ ತಿಶ್ರ ನಡೆಯ ಹಾಗೆ ಕಾಲಿಗೆ ತಾಗುತ್ತದೆ.

ಸಾರಾಬಾಂಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂರು ಎಣಿಕೆ, ನಿಧಾನ, ತೂಕ ಎರಡನೇ ಎಣಿಕೆಯ ಮೇಲೆ. ಒಂದು, ಎ-ರ-ಡು, ಮೂರು. ಮನೆಯಲ್ಲಿ ತೊಡೆ ತಟ್ಟಿ ನೋಡಿ. ಮೊದಲ ಎಣಿಕೆಯ ಮೇಲೆ ಬೀಳಬೇಕು ಎಂದು ಮೈ ಕಾಯುತ್ತದೆ, ಸಂಗೀತ ಅದನ್ನು ದಾಟಿ ಎರಡನೆಯದರ ಮೇಲೆ ಒರಗುತ್ತದೆ. ಬಹಳಷ್ಟು ಸಾರಾಬಾಂಡ್‌ಗಳಲ್ಲಿ ಎರಡು ಮೂರು ತಂತಿಗಳನ್ನು ಒಟ್ಟಿಗೆ ನುಡಿಸುವ ಕಾರ್ಡ್‌ಗಳು ಬರುತ್ತವೆ, ಕೆಳಗಿನ ಸ್ವರ ಸ್ಪಷ್ಟವಾಗಿ ಸಿಗುತ್ತದೆ. ಐದನೇ ಸೂಟ್‌ನ ಸಾರಾಬಾಂಡ್‌ನಲ್ಲಿ ಒಂದೇ ಒಂದು ಕಾರ್ಡ್ ಇಲ್ಲ. ಮೊದಲಿನಿಂದ ಕೊನೆಯವರೆಗೆ ಒಂಟಿ ಸ್ವರಗಳ ಸಾಲು. ಆದರೂ ಒಳಗೊಳಗೆ ಆಧಾರ ನಡೆಯುತ್ತಲೇ ಇರುತ್ತದೆ. ಬರೆದದ್ದು ಅಷ್ಟು ಕಡಿಮೆ, ಕೇಳುವುದು ಅಷ್ಟು ಹೆಚ್ಚು. ಚೆಲ್ಲೋ ಸಾಹಿತ್ಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಪುಟ ಗೊತ್ತಿಲ್ಲ.

ನೃತ್ಯಗಳ ಕಟ್ಟಡ ಸರಳ. ಎರಡು ಅರ್ಧ, ಪ್ರತಿ ಅರ್ಧವನ್ನೂ ಎರಡೆರಡು ಸಲ ನುಡಿಸುತ್ತಾರೆ. ಮೊದಲ ಸೂಟ್‌ನಲ್ಲಿ ನೋಡಿದರೆ, ಆಲ್‌ಮಾಂಡ್‌ನ ಮೊದಲ ಅರ್ಧ ಜಿಯಲ್ಲಿ ಹೊರಟು ಡಿಯಲ್ಲಿ ಮುಗಿಯುತ್ತದೆ. ಎರಡನೇ ಅರ್ಧ ಸುತ್ತಾಡಿಕೊಂಡು ಜಿಗೆ ಮರಳುತ್ತದೆ. ಹಂತ 3ರಲ್ಲಿ ಪ್ರೆಲ್ಯೂಡ್ ಮಾಡಿದ ಪ್ರಯಾಣವೇ ಇದು. ಮಿನುಯೆಟ್ ಜೋಡಿಯಲ್ಲಿ ಎರಡನೆಯದು ಜಿ ಮೈನರ್‌ಗೆ ತಿರುಗುತ್ತದೆ. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂದ ಕೂಡಲೇ ಬೆಳಕು ತಗ್ಗಿದಂತೆ ಆಗುತ್ತದೆ. ಆಮೇಲೆ ಮೊದಲ ಮಿನುಯೆಟ್ ಮತ್ತೆ ಬರುತ್ತದೆ.

ಹಂತ 5: ವಾದ್ಯ ಯಾವುದೆಂದು ಗುರುತಿಸಿ

ಕಲಾವಿದರು ಬಂದು ಕೂತಾಗ ನಾಲ್ಕು ಕಡೆ ನೋಡಿ. ಮೊದಲು ವಾದ್ಯದ ಬುಡ. ಈಗಿನ ಚೆಲ್ಲೋಗೆ ನೆಲಕ್ಕೆ ಊರುವ ಲೋಹದ ಎಂಡ್‌ಪಿನ್ ಇರುತ್ತದೆ. ಅದು ಎಲ್ಲೆಡೆ ಹಬ್ಬಿದ್ದು 19ನೇ ಶತಮಾನದಲ್ಲಿ. ಬರೋಕ್ ಚೆಲ್ಲೋವನ್ನು ಎರಡು ಮೀನಖಂಡಗಳ ನಡುವೆ ಹಿಡಿದು ನುಡಿಸುತ್ತಾರೆ. ಎರಡನೆಯದು ಕಮಾನು. ಹಳೆಯ ಕಮಾನಿನ ಕಡ್ಡಿ ಸ್ವಲ್ಪ ಹೊರಕ್ಕೆ ಬಾಗಿರುತ್ತದೆ, ಹಗುರವಾಗಿರುತ್ತದೆ. ಈಗಿನದು ಒಳಕ್ಕೆ, ಕೂದಲಿನ ಕಡೆಗೆ ಬಾಗಿರುತ್ತದೆ. ಮೂರನೆಯದು ತಂತಿ. ಬರೋಕ್ ವಾದ್ಯಕ್ಕೆ ಪ್ರಾಣಿಯ ಕರುಳಿನ ತಂತಿ, ಕೆಳಗಿನ ತಂತಿಗಳಿಗೆ ಕರುಳಿನ ಮೇಲೆ ಲೋಹದ ಸುತ್ತು. ಈಗಿನವಕ್ಕೆ ಹೆಚ್ಚಾಗಿ ಉಕ್ಕಿನ ತಂತಿ. ನಾಲ್ಕನೆಯದು ಶ್ರುತಿ. ಈಗಿನ ಎ ಸ್ವರ 440 ಹರ್ಟ್ಸ್. ಬರೋಕ್ ವಾದಕರು ಸಾಮಾನ್ಯವಾಗಿ 415 ಇಟ್ಟುಕೊಳ್ಳುತ್ತಾರೆ, ಅಂದರೆ ಅರ್ಧ ಸ್ವರ ಕೆಳಗೆ. ಆ ಕಾಲದಲ್ಲಿ ಊರಿಗೊಂದು ಶ್ರುತಿ ಇತ್ತು. 415 ಎಂಬುದು ನಮ್ಮ ಕಾಲದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ.

ಇದೆಲ್ಲ ಯಾಕೆ ಮುಖ್ಯ? ಕರುಳಿನ ತಂತಿ, ಹಗುರ ಕಮಾನು ಸೇರಿದಾಗ ಪ್ರತಿ ಸ್ವರದ ಆರಂಭ ಮಾತಿನ ವ್ಯಂಜನದಂತೆ ಬಿಡಿಬಿಡಿಯಾಗಿ ಕೇಳುತ್ತದೆ. ಮಂದ್ರದ ಸ್ವರವೊಂದನ್ನು ನುಡಿಸಿ ಬಿಟ್ಟರೆ ಅದರ ಗುಂಯ್‌ಗುಟ್ಟುವಿಕೆ ಉಳಿಯುತ್ತದೆ, ಕಮಾನು ಅಷ್ಟರಲ್ಲಿ ಮೇಲಿನ ಎಳೆಗೆ ಹೋಗಿರುತ್ತದೆ. ಕೆಳಗಿನ ಸ್ವರ ಹಿಂಬಾಲಿಸಲು ಹೊರಟ ನಮಗೆ ಇದರಿಂದ ದೊಡ್ಡ ನೆರವು. ಈಗಿನ ಚೆಲ್ಲೋದಲ್ಲಿ ನಾದ ಹೆಚ್ಚು ಉದ್ದ, ಹೆಚ್ಚು ಜೋರು, ಹಾಡುವ ಗುಣ ಹೆಚ್ಚು. ಯಾವುದೂ ಕಡಿಮೆಯದಲ್ಲ. ಆಯ್ಕೆ ಸಿಕ್ಕರೆ ಮೊದಲ ಸಲ ಬರೋಕ್ ವಾದ್ಯದ ಕಛೇರಿಗೇ ಹೋಗಿ ಎನ್ನುತ್ತೇನೆ.

ಆರನೇ ಸೂಟ್ ಇದ್ದರೆ ವೇದಿಕೆಯಲ್ಲಿ ಇನ್ನೊಂದು ವಾದ್ಯ ಕಾಣಬಹುದು. ಆ ಸೂಟನ್ನು ಐದು ತಂತಿಯ ವಾದ್ಯಕ್ಕೆಂದೇ ಬರೆದಿದೆ, ಎ ತಂತಿಯ ಮೇಲೆ ಇನ್ನೊಂದು ಇ ತಂತಿ. ಎದೆಗೆ ಅಡ್ಡ ಹಿಡಿದು, ಪಟ್ಟಿಯಿಂದ ಭುಜಕ್ಕೆ ತೂಗುಹಾಕಿಕೊಳ್ಳುವ ವಾದ್ಯದಲ್ಲೂ ಕೆಲವರು ಅದನ್ನು ನುಡಿಸುತ್ತಾರೆ. ಬೆಲ್ಜಿಯಂನ ಸಿಗಿಸ್ವಾಲ್ಡ್ ಕೌಕೆನ್ ಆ ರೀತಿ ಎಲ್ಲ ಸೂಟ್‌ಗಳನ್ನೂ ಧ್ವನಿಮುದ್ರಿಸಿದ್ದಾರೆ.

ಹಂತ 6: ಜಾಗ ಆರಿಸಿ ಕೂರಿ

ಇಲ್ಲಿ ಮೈಕ್ ಇರುವುದಿಲ್ಲ. ನಮ್ಮ ಕಛೇರಿಗಳ ಸ್ಪೀಕರ್‌ಗೆ ಒಗ್ಗಿದ ಕಿವಿಗೆ ಮೊದಲ ಐದು ನಿಮಿಷ "ಇಷ್ಟು ಮೆಲ್ಲಗಾ?" ಅನ್ನಿಸುತ್ತದೆ. ಕಿವಿ ತಾನಾಗಿಯೇ ಹೊಂದಿಕೊಳ್ಳುತ್ತದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಇದೇ ಕಾರಣಕ್ಕೆ ಚೌಡಯ್ಯ ಸ್ಮಾರಕ ಭವನದಂಥ ದೊಡ್ಡ ಸಭಾಂಗಣಕ್ಕಿಂತ ನೂರಿನ್ನೂರು ಜನ ಹಿಡಿಸುವ ಕೋಣೆ ಈ ಸಂಗೀತಕ್ಕೆ ಹೆಚ್ಚು ಒಪ್ಪುತ್ತದೆ.

ಕಲ್ಲಿನ ಚರ್ಚ್ ಆದರೆ ಮುಂದೆ ಕೂರಿ. ಅಲ್ಲಿ ಒಂದು ಸ್ವರ ನಿಂತ ಮೇಲೂ ಗಾಳಿಯಲ್ಲಿ ಕೆಲವು ಸೆಕೆಂಡ್ ಉಳಿಯುತ್ತದೆ. ಮಂದ್ರದ ಸ್ವರಗಳು ಹೀಗೆ ಉಳಿದು ಮೇಲಿನ ಎಳೆಗೆ ಹಾಸಿಗೆ ಆಗುವುದು ಚೆಂದವೇ, ಆದರೆ ಹಿಂದೆ ಕೂತರೆ ಕುರಾಂಟ್, ಜೀಗ್‌ಗಳಂಥ ವೇಗದ ಭಾಗಗಳು ಕಲಸಿಹೋಗುತ್ತವೆ. ಸಣ್ಣ ಸಭಾಂಗಣದಲ್ಲಿ ಮೂರರಿಂದ ಆರನೇ ಸಾಲಿನವರೆಗೆ ಎಲ್ಲಿ ಕೂತರೂ ಸರಿ. ಕಮಾನು ಹಿಡಿದ ಬಲಗೈ ಕಾಣುವ ಕಡೆ ಇರಲಿ. ಕಮಾನು ಯಾವ ತಂತಿಯ ಕಡೆ ವಾಲಿದೆ ಎಂಬುದು ಕಣ್ಣಿಗೆ ಕಂಡರೆ ಕೆಳಗಿನ ಸ್ವರ ಯಾವಾಗ ಬಂತೆಂದು ಕಿವಿಗೂ ಬೇಗ ಗೊತ್ತಾಗುತ್ತದೆ. ಧ್ವನಿಮುದ್ರಿಕೆಯಲ್ಲಿ ಸಿಗದ ಸೌಲಭ್ಯ ಇದು.

ಚಳಿಗಾಲದಲ್ಲಿ ಹಳೆಯ ಚರ್ಚ್ ಒಳಗೆ ಹೊರಗಿನಷ್ಟೇ ಚಳಿ ಇರಬಹುದು. ಕೋಟು ಬಿಚ್ಚಿ ಕೊಟ್ಟುಬಿಡಬೇಡಿ.

ಹಂತ 7: ಶ್ರುತಿ ಮಾಡುವಾಗಲೇ ಕೇಳಲು ಶುರು ಮಾಡಿ

ಚೆಲ್ಲೋದ ನಾಲ್ಕು ತಂತಿಗಳು ಕೆಳಗಿನಿಂದ ಸಿ, ಜಿ, ಡಿ, ಎ. ಪಕ್ಕದ ಯಾವ ಎರಡು ತಂತಿ ತೆಗೆದುಕೊಂಡರೂ ಅವುಗಳ ನಡುವೆ ಸ-ಪ ಅಂತರ. ಕಲಾವಿದರು ಮೊದಲು ಎ ಸರಿಮಾಡಿ, ಆಮೇಲೆ ಎರಡೆರಡು ತಂತಿ ಒಟ್ಟಿಗೆ ನುಡಿಸಿ ಉಳಿದವನ್ನು ಕೂರಿಸುತ್ತಾರೆ. ಬಿರಡೆ ತಿರುಗಿಸುತ್ತಿದ್ದಂತೆ ಅಲೆ ನಿಂತು ಪಂಚಮ ಶುದ್ಧವಾಗುವ ಕ್ಷಣ ನಮ್ಮವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಅತಿ ಕೆಳಗಿನ ಸಿ ಎಷ್ಟು ಆಳ ಇದೆ ಎಂಬುದನ್ನು ಇಲ್ಲೇ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಸಂಜೆಯಿಡೀ ನೀವು ಹುಡುಕುವುದು ಆ ಕಡೆಯ ಸ್ವರಗಳನ್ನೇ ಅಲ್ವಾ.

ಕರುಳಿನ ತಂತಿ ತೇವ, ಸೆಕೆ, ದೀಪದ ಬಿಸಿ ಎಲ್ಲಕ್ಕೂ ಅಲುಗುತ್ತದೆ. ಭಾಗಗಳ ನಡುವೆ ಮತ್ತೆ ಮತ್ತೆ ಶ್ರುತಿ ಮಾಡಿದರೆ ಬೇಸರ ಬೇಡ. ಐದನೇ ಸೂಟ್ ಇದ್ದರೆ ಇನ್ನೂ ದೊಡ್ಡ ಬದಲಾವಣೆ ಇದೆ. ಬಾಖ್ ಅಲ್ಲಿ ಎ ತಂತಿಯನ್ನು ಜಿಗೆ ಇಳಿಸಲು ಹೇಳಿದ್ದಾನೆ. ಮೇಲಿನ ಎರಡು ತಂತಿಗಳ ನಡುವೆ ಆಗ ಸ-ಪ ಬದಲು ಸ-ಮ. ಬೊಲೊನ್ಯದಲ್ಲಿ ಗಾಬ್ರಿಯೆಲ್ಲಿಯ ಕಾಲಕ್ಕೂ ಈ ಶ್ರುತಿ ಬಳಕೆಯಲ್ಲಿತ್ತು. ಇಳಿಸಿದ ತಂತಿ ಸ್ವಲ್ಪ ಸಡಿಲವಾಗಿ ಇಡೀ ವಾದ್ಯದ ದನಿ ಮಬ್ಬಾಗುತ್ತದೆ, ಸಿ ಮೈನರ್‌ನ ಗಾಂಭೀರ್ಯಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಹಾಗೆ ಇಳಿಸಿದ ತಂತಿ ನೆಲೆಗೊಳ್ಳಲು ಸಮಯ ಬೇಕು. ಆದ್ದರಿಂದ ಐದನೆಯದನ್ನು ಬಹಳ ಜನ ವಿರಾಮದ ನಂತರಕ್ಕೆ ಇಟ್ಟುಕೊಳ್ಳುತ್ತಾರೆ.

ಹಂತ 8: ಕಛೇರಿ ನಡೆಯುವಾಗ ಏನು ಹಿಡಿಯಬೇಕು

ಪ್ರೆಲ್ಯೂಡ್‌ನಲ್ಲಿ ಹಂತ 3ರ ಪಾಠವನ್ನೇ ಮನಸ್ಸಿನೊಳಗೆ ಮಾಡಿ. ಬಾಯಲ್ಲಿ ಗುನುಗುವುದು ಮಾತ್ರ ಬೇಡ. ಕೆಳಗಿನ ಸ್ವರ ಎಲ್ಲಿ ತುಂಬ ಹೊತ್ತು ಒಂದೇ ಕಡೆ ನಿಲ್ಲುತ್ತದೆಯೋ ಅಲ್ಲಿ ಎಚ್ಚರವಾಗಿರಿ, ಏನೋ ದೊಡ್ಡದು ಬರುತ್ತಿದೆ. ಮೂರನೇ ಸೂಟ್‌ನ ಪ್ರೆಲ್ಯೂಡ್‌ನಲ್ಲಿ ಜಿ ತಂತಿಯೊಂದು ಬಹಳ ಉದ್ದಕ್ಕೆ ಮೊಳಗುತ್ತಲೇ ಇರುತ್ತದೆ, ಮೇಲೆ ಕಾರ್ಡ್‌ಗಳು ಒಂದಾದ ಮೇಲೊಂದು ಬದಲಾಗುತ್ತವೆ. ತಂಬೂರಿಗೆ ಒಗ್ಗಿದವರಿಗೆ ಇಡೀ ಸಂಜೆಯಲ್ಲಿ ಅತಿ ಸುಲಭವಾಗಿ ಸಿಗುವ ಜಾಗ ಅದೇ ಇರಬಹುದು.

ಎರಡನೇ ಸೂಟ್ ನುಡಿಸಿದರೆ ಪ್ರೆಲ್ಯೂಡ್‌ನ ಕೊನೆಯ ಐದು ಬಾರ್ ಕಾದು ನೋಡಿ. ಪ್ರತಿಯಲ್ಲಿ ಅಲ್ಲಿ ಬರೀ ಐದು ಉದ್ದದ ಕಾರ್ಡ್‌ಗಳಿವೆ. ಕೆಲವರು ಬರೆದಂತೆಯೇ ನುಡಿಸಿ ಬಿಡುತ್ತಾರೆ. ಇನ್ನು ಕೆಲವರು ಆ ಕಾರ್ಡ್‌ಗಳನ್ನು ಬಿಡಿಸಿ, ಸ್ವರಗಳನ್ನು ಹರಿಸಿ, ಹಿಂದಿನ ನಡೆಯನ್ನು ಮುಂದುವರಿಸುತ್ತಾರೆ. ಬಾಖ್ ಏನು ಬಯಸಿದ್ದ ಎಂಬ ಚರ್ಚೆ ಮುಗಿದಿಲ್ಲ. ನಿಮ್ಮ ಕಲಾವಿದರು ಯಾವ ದಾರಿ ಹಿಡಿದರು ಎಂದು ಗಮನಿಸಿ.

ನೃತ್ಯಗಳಲ್ಲಿ ಪುನರಾವೃತ್ತಿಯ ಮೇಲೆ ಕಣ್ಣಿಡಿ. ಮೊದಲ ಸಲ ಇದ್ದದ್ದು ಇದ್ದ ಹಾಗೆ ಬರುತ್ತದೆ. ಎರಡನೇ ಸಲ ಒಳ್ಳೆಯ ಬರೋಕ್ ವಾದಕರು ಅಲ್ಲೊಂದು ಕಂಪಿತ, ಇಲ್ಲೊಂದು ಜಾರು, ಇನ್ನೊಂದು ಕಡೆ ಹೊಸ ಓಟ ಸೇರಿಸುತ್ತಾರೆ. ಇದು ಆ ಕಾಲದ ಪದ್ಧತಿಯೇ. ಸಂಗತಿ ಹಾಕುವುದನ್ನು ಕೇಳಿ ಬೆಳೆದವರಿಗೆ ಇದರ ರುಚಿ ವಿವರಿಸಬೇಕಾಗಿಲ್ಲ. ಕೆಲವರು ಬರೀ ಕಮಾನಿನ ಒತ್ತಡ ತಗ್ಗಿಸಿ ಎರಡನೇ ಸಲವನ್ನು ಪಿಸುಮಾತಿನಂತೆ ನುಡಿಸುತ್ತಾರೆ. ಅದೂ ಒಂದು ಅಲಂಕಾರವೇ.

ಕಮಾನಿನ ಹಿಡಿತವೂ ಒಬ್ಬೊಬ್ಬರದು ಒಂದೊಂದು ಥರ. ಯಾವ ಸ್ವರಗಳನ್ನು ಒಂದೇ ಎಳೆತದಲ್ಲಿ ಸೇರಿಸಬೇಕು, ಯಾವುದನ್ನು ಬಿಡಿಸಬೇಕು ಎಂಬ ಗುರುತುಗಳು ಆನ್ನಾ ಮಗ್ಡಲೇನಾಳ ಪ್ರತಿಯಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಅದಕ್ಕೇ ಪ್ರತಿ ಚೆಲ್ಲೋ ವಾದಕರೂ ತಮ್ಮದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ನಿಮ್ಮ ಮುಂದೆ ಕೂತವರು ವರ್ಷಗಟ್ಟಲೆ ಯೋಚಿಸಿ ಮುಟ್ಟಿದ ತೀರ್ಮಾನ ಅದು.

ಗಮನ ತಪ್ಪುತ್ತದೆ. ಎಲ್ಲರಿಗೂ ತಪ್ಪುತ್ತದೆ. ಮುಂದಿನ ಭಾಗದ ಮೊದಲ ಮಂದ್ರ ಸ್ವರಕ್ಕೆ ಕಾದು ಅಲ್ಲಿಂದ ಮತ್ತೆ ಸೇರಿಕೊಳ್ಳಿ. ಸೂಟ್‌ನ ಎಲ್ಲ ಭಾಗಗಳೂ ಒಂದೇ ಮನೆಯ ಶ್ರುತಿಯಲ್ಲಿ ಇರುವುದರಿಂದ ದಾರಿ ಸಿಗುತ್ತದೆ.

ಹಂತ 9: ಚಪ್ಪಾಳೆ, ಕೆಮ್ಮು, ಫೋನು

ಆರೂ ಭಾಗ ಮುಗಿದು ಕಮಾನು ಪೂರ್ತಿ ಕೆಳಗಿಳಿದ ಮೇಲೆ ಚಪ್ಪಾಳೆ. ಭಾಗಗಳ ನಡುವೆ ಬೇಡ. ಎಣಿಕೆ ತಪ್ಪಿದರೆ ಜೀಗ್‌ವರೆಗೆ ಕಾಯಿರಿ, ಅದೂ ಗೊಂದಲ ಆದರೆ ಬೇರೆಯವರು ಶುರು ಮಾಡಲಿ. ತೊಡೆಯ ಮೇಲೆ ತಾಳ ಹಾಕುವುದು, "ಭಲೇ" ಅನ್ನುವುದು ನಮ್ಮ ಕಛೇರಿಗೆ ಜೀವ. ಇಲ್ಲಿ ಪಕ್ಕದವರಿಗೆ ಕಿರಿಕಿರಿ, ವಾದಕರಿಗೆ ಅಡ್ಡಿ. ಕೆಮ್ಮು ಬಂದರೆ ಭಾಗಗಳ ನಡುವೆ ಮುಗಿಸಿ. ಫೋನ್ ಆಫ್.

ಹಂತ 10: ಮನೆಗೆ ಬಂದ ಮೇಲೆ

ಕೇಳಿದ್ದ ಸೂಟ್‌ಗಳಲ್ಲಿ ಒಂದನ್ನು ಆರಿಸಿ, ಅದನ್ನೇ ಮೂರು ಬೇರೆ ಕೈಗಳಲ್ಲಿ ಕೇಳಿ. ಪಾಬ್ಲೋ ಕಸಾಲ್ಸ್ 1936ರಿಂದ 39ರವರೆಗೆ ಮಾಡಿದ ಧ್ವನಿಮುದ್ರಿಕೆಯಿಂದ ಶುರು ಮಾಡಬಹುದು. ಹದಿಮೂರನೇ ವಯಸ್ಸಿನಲ್ಲಿ, 1890ರಲ್ಲಿ, ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಆತನಿಗೆ ಈ ಸೂಟ್‌ಗಳ ಮುದ್ರಿತ ಪ್ರತಿ ಸಿಕ್ಕಿತು. ಇವನ್ನು ಬರೀ ಅಭ್ಯಾಸ ಪಾಠಗಳಂತೆ ನೋಡುತ್ತಿದ್ದ ಕಾಲ ಅದು. ಕಸಾಲ್ಸ್ ಹತ್ತು ವರ್ಷಕ್ಕೂ ಹೆಚ್ಚು ಸಾಧನೆ ಮಾಡಿದ ಮೇಲೇ ಒಂದು ಸೂಟನ್ನು ಪೂರ್ತಿಯಾಗಿ ಸಭೆಯಲ್ಲಿ ನುಡಿಸಿದ್ದು. ಆಮೇಲೆ ಆನರ್ ಬಿಲ್ಸ್‌ಮಾ. ಆತನ 1979ರ ಧ್ವನಿಮುದ್ರಿಕೆ ಬರೋಕ್ ಚೆಲ್ಲೋದಲ್ಲಿದೆ. 1992ರದು ಸ್ಟ್ರಾಡಿವಾರಿ 1701ರಲ್ಲಿ ಮಾಡಿದ ದೊಡ್ಡ ಚೆಲ್ಲೋದಲ್ಲಿದೆ. ಒಬ್ಬರೇ ಮನುಷ್ಯ, ವಾದ್ಯ ಬೇರೆಯಾದಾಗ ಏನು ಬದಲಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮೂರನೆಯದಾಗಿ ಯೋ-ಯೋ ಮಾ. ಆತ ಆರನ್ನೂ ಮೂರು ಸಲ ಧ್ವನಿಮುದ್ರಿಸಿದ್ದಾನೆ, ಮೂರನೆಯದು 2018ರಲ್ಲಿ ಹೊರಬಂತು.

ಆನ್ನಾ ಮಗ್ಡಲೇನಾಳ ಕೈಬರಹದ ಪ್ರತಿ ಇಂಟರ್ನೆಟ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ. ನೊಟೇಶನ್ ಓದಲು ಬರದಿದ್ದರೂ ತೆರೆದು ನೋಡಿ. ಮೊದಲ ಪ್ರೆಲ್ಯೂಡ್‌ನ ಪ್ರತಿ ಗುಂಪಿನ ಅತಿ ಕೆಳಗಿನ ಚುಕ್ಕಿಯ ಮೇಲೆ ಬೆರಳಿಟ್ಟುಕೊಂಡು ಧ್ವನಿಮುದ್ರಿಕೆ ಜೊತೆ ಸಾಗಿ. ಗುನುಗುತ್ತಿದ್ದ ಆಧಾರ ಕಣ್ಣಿಗೂ ಕಾಣುತ್ತದೆ.

ಇಷ್ಟಾದ ಮೇಲೆ ಎರಡನೇ ಕಛೇರಿಗೆ ಟಿಕೆಟ್ ತೆಗೆಯುವಾಗ ಐದನೇ ಸೂಟ್ ಇರುವುದನ್ನೇ ಹುಡುಕಿ. ಅದರ ಪ್ರೆಲ್ಯೂಡ್‌ನಲ್ಲಿ ನಿಧಾನದ ಮೊದಲ ಭಾಗ ಮುಗಿದ ಕೂಡಲೇ ಒಂದು ಫ್ಯೂಗ್ ಶುರುವಾಗುತ್ತದೆ. ಒಂದೇ ಎಳೆಯನ್ನು ಬೇರೆ ಬೇರೆ ದನಿಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುವ ರಚನೆ ಅದು. ಸಾಮಾನ್ಯವಾಗಿ ಅದಕ್ಕೆ ಮೂರು ನಾಲ್ಕು ದನಿ ಬೇಕು. ಇಲ್ಲಿ ಒಂಟಿ ಚೆಲ್ಲೋ. ಎಳೆ ಎಲ್ಲಿ ಮಂದ್ರಕ್ಕೆ ಇಳಿದು ಮತ್ತೆ ಎತ್ತುಗಡೆ ಆಯಿತು ಎಂಬುದನ್ನು ಮಾತ್ರ ಲೆಕ್ಕ ಇಡಿ.